ಕವಚ ಯಾರದು, ಹೆಸರು ಯಾರದು

ನಮ್ಮ ಮಣ್ಣೂರ ಭೀಮಾ ದಂಡಿ ಮೇಲಿನ ಊರು. ಸಾಲಿ ಟ್ರಿಪ್ ಅಂದ್ರೆ ವಿಜಾಪುರ, ಬೇರೆ ಮಾತೇ ಇರಲಿಲ್ಲ. ಗೋಳಗುಮ್ಮಟದಾಗ ಕೂಗಿ ಗಂಟಲು ಕಟ್ಟಿದ ಮೇಲೆ ಮಾಸ್ತರರು ಮಲಿಕ್-ಎ-ಮೈದಾನ್ ತೋಪಿನ ಹತ್ರ ಕರಕೊಂಡು ಹೋದರು. ಅದರ ಬಾಯಿ ಅಂದ್ರೆ ಸಿಂಹದ ಬಾಯಿ, ಹಲ್ಲಿನ ನಡುವೆ ಸಿಕ್ಕಿಬಿದ್ದ ಆನೆ. ‘ಕೊಲ್ಲೋ ಸಾಮಾನಿಗೆ ಇಷ್ಟು ನಕಾಶಿ ಯಾಕ್ರೀ ಸರ?’ ಅಂದೆ. ಉತ್ತರ ಸಿಗಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಆ ಪ್ರಶ್ನೆ ಮತ್ತೆ ಎದ್ದದ್ದು ಮೊನ್ನೆ, ಆಫೀಸಿನ ಊಟದ ಹೊತ್ತಿನಲ್ಲಿ ಫೋನಿನಲ್ಲಿ ದಖ್ಖನದ ಹಳೆಯ ಕವಚಗಳ ಚಿತ್ರ ನೋಡುವಾಗ. ಸಾವಿರಾರು ಕಬ್ಬಿಣದ ಉಂಗುರ, ಒಂದೊಂದೂ ಸುತ್ತಲಿನ ನಾಲ್ಕಕ್ಕೆ ಪೋಣಿಸಿದ್ದು. ತುದಿಗಳನ್ನು ಚಪ್ಪಟೆ ಮಾಡಿ, ತೂತು ಕೊರೆದು, ಕಾಳಿನಷ್ಟು ಸಣ್ಣ ರಿವೆಟ್ ಹೊಡೆಯಬೇಕು. ಎದೆಯ ಮೇಲೆ ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟಿಗಳು. ಕೆಲವು ಅಂಗಿಗಳಲ್ಲಿ ಕಬ್ಬಿಣದ ನಡುವೆ ಹಿತ್ತಾಳೆ, ತಾಮ್ರದ ಉಂಗುರ ಬೆರೆಸಿ ಇಳಕಲ್ ಸೀರೆ ಒಡಲಿನ ಹಾಗೆ ಚೌಕುಳಿ ತೆಗೆದಿದ್ದಾರೆ. ಹಿತ್ತಾಳೆ ಕಬ್ಬಿಣದಷ್ಟು ಕತ್ತಿ ತಡೆಯೋದಿಲ್ಲ. ಆದರೂ ಹಾಕಿದ್ದಾರೆ! ಸಾಯೋಕೆ ಹೊರಟವನೂ ಚಂದ ಕಾಣಬೇಕಲ್ಲ.

1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದ. ಆದವಾನಿ ಕೋಟೆ ಮಾತ್ರ ಸಿದ್ದಿ ಮಸೂದನ ಕೈಯಲ್ಲಿ ಇನ್ನೂ ಸ್ವಲ್ಪ ದಿನ ಉಳಿಯಿತು. ಅದು ಬಿದ್ದಾಗ ಮೊಗಲರ ಪರ ಬಂದಿದ್ದ ಬಿಕಾನೇರಿನ ರಾಜ ಅನೂಪ್ ಸಿಂಗ್ ಅಲ್ಲಿನ ಆಯುಧ, ಕವಚ ತನ್ನ ಊರಿಗೆ ಸಾಗಿಸಿದ. ಅವುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ನಾಗರಿ ಅಕ್ಷರ ಇದೆ: ಗೆದ್ದವರ ಹೆಸರು, ಆದವಾನಿಯ ಹೆಸರು. ಉಂಗುರ ಪೋಣಿಸಿದವನದು ಇಲ್ಲ. ಅವುಗಳಲ್ಲಿ ಕೆಲವು ಈಗ ಹೊರದೇಶದ ಮ್ಯೂಸಿಯಂಗಳಲ್ಲಿವೆ.

ನಾವು ಕೋಡ್ ಬರೆಯೋರಿಗೆ ಇದು ಹೊಸದೇನಲ್ಲ. ಎರಡು ವರ್ಷ ಕೂತು ನಾನು ಬರೆದ ಮಾಡ್ಯೂಲನ್ನು ಯಾರೋ ಬೇರೆ ಫೋಲ್ಡರಿಗೆ ಸರಿಸಿದರು, ಈಗ ಪ್ರತಿ ಸಾಲಿನ ಮುಂದೂ ಅವರದೇ ಹೆಸರು. ಅದಕ್ಕೇ ಈ ಸಲ ಊರಿಗೆ ಹೋದಾಗ ಮತ್ತೆ ತೋಪು ನೋಡಲು ಹೋದೆ. ಅದರ ಮೇಲೆ ವಿಜಯ ಸಾರುವ ಔರಂಗಜೇಬನ ಸಾಲುಗಳಿವೆ. ಆದರೆ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ರೂಮಿಯ ಹೆಸರನ್ನೂ ಯಾರೂ ಅಳಿಸಿಲ್ಲ. ಫಾರ್ಸಿ ಓದಲು ನನಗೆ ಬರೋದಿಲ್ಲ. ಇದೇ ಇರಬೇಕು ಅಂತ ಒಂದು ಸಾಲಿನ ಮೇಲೆ ಕೈ ಇಟ್ಟೆ. ಮಧ್ಯಾಹ್ನದ ಬಿಸಿಲಿಗೆ ಲೋಹ ಸುಡುತ್ತಿತ್ತು.