ಏಳನೆಯ ತರಗತಿಯ ಹದಿನಾರು ಮಕ್ಕಳು: ಗ್ರಾಮೀಣ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳನ್ನು ಹೋಲಿಸುವ ಬಗೆ

ಶಾಲೆ ಶಾಲೆಗಳ ನಡುವಿನ ಅಂತರಕ್ಕಿಂತ ಒಂದೇ ಶಾಲೆಯ ಮಕ್ಕಳ ನಡುವಿನ ಅಂತರವೇ ದೊಡ್ಡದೆಂದು ಅಮೆರಿಕದ ಕೋಲ್‌ಮನ್ ವರದಿ 1966ರಲ್ಲೇ ತೋರಿಸಿತ್ತು. ಕಡಿಮೆ ಅಂಕದ ಶಾಲೆಗಳನ್ನು ಆರಿಸಿ ನೆರವು ಕೊಟ್ಟ ಚಿಲಿಯ ಯೋಜನೆಯನ್ನು ಪರಿಶೀಲಿಸಿದ ಚೇ, ಮ್ಯಾಕ್‌ಇವಾನ್ ಮತ್ತು ಉರ್ಕಿಯೋಲಾ, ಅಲ್ಲಿ ಕಂಡ ಏಳಿಗೆಯಲ್ಲಿ ಆಕಸ್ಮಿಕದ ಪಾಲು ಎಷ್ಟು ದೊಡ್ಡದೆಂಬುದನ್ನು 2005ರಲ್ಲಿ ತಿಳಿಸಿದರು. ನಮ್ಮಲ್ಲಿ 2005ರಿಂದ ನಡೆದಿರುವ ‘ಅಸರ್’ ಸಮೀಕ್ಷೆ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕಗಳನ್ನು ಅಳೆಯುತ್ತದೆ. ಅದು ಜಿಲ್ಲೆಯ ಚಿತ್ರ, ಯಾವುದೇ ಒಂದು ಶಾಲೆಯದಲ್ಲ. ಇಷ್ಟರ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ತಕರಾರಿಲ್ಲ.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಉತ್ತರ ಕ್ಯಾರೊಲಿನಾದ ಶಾಲೆಗಳ ಅಂಕಗಳನ್ನು ಅಭ್ಯಸಿಸಿದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ 2002ರ ತಮ್ಮ ಪ್ರಬಂಧದಲ್ಲಿ, ಸಣ್ಣ ಶಾಲೆಗಳು ಪಟ್ಟಿಯ ತುದಿಗೂ ತಳಕ್ಕೂ ಪದೇ ಪದೇ ಜಿಗಿಯುವುದು ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ ಎಂದರು. ಅವರ ಮದ್ದು, ಹಲವು ವರ್ಷಗಳ ಅಂಕಗಳನ್ನು ಒಟ್ಟುಗೂಡಿಸಿ ನೋಡುವುದು. ರೋಗದ ಗುರುತು ಸರಿಯಾಗಿದೆ. ಆದರೆ ಈ ಮದ್ದು ನಮ್ಮ ತಾಲ್ಲೂಕುಗಳಿಗೆ ಒಗ್ಗುವುದಿಲ್ಲ ಎಂಬುದು ನನ್ನ ವಾದ.

ಮೊದಲು ಲೆಕ್ಕ. ಮಕ್ಕಳ ಅಂಕಗಳ ಮಾನಕ ವಿಚಲನೆ 20 ಎಂದಿಟ್ಟುಕೊಳ್ಳೋಣ. ತರಗತಿಯಲ್ಲಿ 16 ಮಕ್ಕಳಿದ್ದರೆ ಸರಾಸರಿಯ ಮಾನಕ ದೋಷ 5 ಅಂಕ. ಎರಡು ವರ್ಷಗಳ ಸರಾಸರಿಗಳ ಅಂತರದಲ್ಲಿ ಅದು 7ರಷ್ಟಾಗುತ್ತದೆ. ಮೂರು ವರ್ಷ ಸೇರಿಸಿದರೆ ಮಕ್ಕಳು 48, ದೋಷ 3ಕ್ಕಿಂತ ತುಸು ಕಡಿಮೆ. ಕೇನ್ ಮತ್ತು ಸ್ಟೈಗರ್ ಮುಂದಿದ್ದ ಪ್ರಾಥಮಿಕ ಶಾಲೆಗಳಲ್ಲಿ ಪ್ರತಿ ತರಗತಿಗೆ ಸರಾಸರಿ 68 ಮಕ್ಕಳಿದ್ದರು. ನಮ್ಮ ಹಳ್ಳಿಯ ಶಾಲೆಗೆ ಮೂರು ವರ್ಷ ಕೂಡಿಸಿದರೂ ಅಷ್ಟು ಮಕ್ಕಳು ಸಿಗುವುದಿಲ್ಲ.

ಕೂಡಿಸುವುದಕ್ಕೆ ಇನ್ನೊಂದು ಷರತ್ತೂ ಇದೆ: ಆ ಮೂರು ವರ್ಷವೂ ಶಾಲೆ ಅದೇ ಶಾಲೆಯಾಗಿ ಉಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಆರರಿಂದ ಎಂಟನೆಯ ತರಗತಿಗೆ ಗಣಿತ-ವಿಜ್ಞಾನ, ಸಮಾಜ ವಿಜ್ಞಾನ, ಭಾಷೆ ಇವಕ್ಕೆ ತಲಾ ಒಬ್ಬರಾದರೂ ಶಿಕ್ಷಕರಿರಬೇಕು. ಕಡಿಮೆ ದಾಖಲಾತಿಯ ಶಾಲೆಯಲ್ಲಿ ಈ ‘ಒಬ್ಬರಾದರೂ’ ಎಂಬುದು ‘ಒಬ್ಬರೇ’ ಆಗುತ್ತದೆ. ಗಣಿತದ ಮೇಷ್ಟ್ರು ಕೌನ್ಸೆಲಿಂಗ್‌ನಲ್ಲಿ ವರ್ಗವಾದರೆ, ಇಲ್ಲವೇ ನಿಯೋಜನೆಯ ಮೇಲೆ ಬೇರೆ ಕಡೆ ಹೋದರೆ, ಆ ದಿನದಿಂದ ಮೂರೂ ತರಗತಿಗಳಿಗೆ ಗಣಿತವಿಲ್ಲ. ಅತಿಥಿ ಶಿಕ್ಷಕರು ಬರುವವರೆಗೆ ಕನ್ನಡದ ಟೀಚರೇ ಲೆಕ್ಕವನ್ನೂ ಮಾಡಿಸಬೇಕು. 2007ರ ವರ್ಗಾವಣೆ ನಿಯಂತ್ರಣ ಕಾಯ್ದೆ, ಅದರ ಜಾಗಕ್ಕೆ ಬಂದ 2020ರ ಕಾಯ್ದೆ ಎರಡೂ ಈ ಓಡಾಟಕ್ಕೆ ಒಂದು ಕ್ರಮ ತಂದವು, ಅದನ್ನು ನಿಲ್ಲಿಸಲಿಲ್ಲ. ನಿಲ್ಲಿಸುವುದು ನ್ಯಾಯವೂ ಅಲ್ಲ. ಹೀಗಿರುವಾಗ ಒಂದು ಶಾಲೆಯ ಸರಾಸರಿ 54ರಿಂದ 41ಕ್ಕೆ ಇಳಿದರೆ ಅದು ಆ ವರ್ಷದ ಮಕ್ಕಳಿಂದ ಬಂದ ಏರುಪೇರೋ, ಮೇಷ್ಟ್ರು ಹೋದ ಫಲವೋ? ಮೂರು ವರ್ಷ ಕೂಡಿಸಿದರೆ ಈ ಪ್ರಶ್ನೆಯೇ ಅಳಿಸಿಹೋಗುತ್ತದೆ. ಸಣ್ಣ ಶಾಲೆಯ ಬದುಕಿನ ಅತಿ ದೊಡ್ಡ ಘಟನೆಯನ್ನು ಆಕಸ್ಮಿಕದ ಖಾತೆಗೆ ಜಮಾ ಮಾಡಿದಂತಾಗುತ್ತದೆ.

ಅಂಕಪಟ್ಟಿಯನ್ನು ಬೇರೆ ರೀತಿಯಲ್ಲಿ ಓದಿದರೆ ಇವೆರಡನ್ನೂ ಬಿಡಿಸಿ ನೋಡಬಹುದು. ಇಳಿತ ಮಕ್ಕಳ ತಂಡದ್ದಾದರೆ ಅದು ಒಂದು ತರಗತಿಯಲ್ಲಿ, ಎಲ್ಲ ವಿಷಯಗಳಲ್ಲೂ ಕಾಣುತ್ತದೆ, ಮರುವರ್ಷ ಅದೇ ಮಕ್ಕಳೊಡನೆ ಮೇಲಿನ ತರಗತಿಗೆ ಸಾಗುತ್ತದೆ. ಶಿಕ್ಷಕರ ಗೈರಿನದ್ದಾದರೆ ಒಂದು ವಿಷಯದಲ್ಲಿ, ಎಲ್ಲ ತರಗತಿಗಳಲ್ಲೂ, ಒಂದೇ ವರ್ಷ ಕಾಣುತ್ತದೆ. ಕನ್ನಡ, ಸಮಾಜ ವಿಜ್ಞಾನದ ಅಂಕಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಇದಕ್ಕೆ ಹೊಸ ಪರೀಕ್ಷೆ ಬೇಕಿಲ್ಲ. ವಿಷಯವಾರು ಅಂಕವಹಿಯನ್ನು ಶಿಕ್ಷಕರ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಎರಡೂ ಮುಖ್ಯ ಶಿಕ್ಷಕರ ಬೀರುವಿನಲ್ಲೇ ಇರುತ್ತವೆ.

ಇಲ್ಲಿಂದ ನಾನು ಮುಂದಿಡುವ ಮಾತು ಇದು: ಒಂದೇ ಗ್ರಾಮೀಣ ತಾಲ್ಲೂಕಿನೊಳಗೆ ‘ಒಳ್ಳೆಯ ಶಾಲೆ’, ‘ಹಿಂದುಳಿದ ಶಾಲೆ’ ಎಂದು ನಾವು ಗುರುತಿಸುವ ಅಂತರದ ಗಣನೀಯ ಪಾಲು, ವಿಷಯ ಶಿಕ್ಷಕರು ಎಡೆಬಿಡದೆ ಎಷ್ಟು ವರ್ಷ ಉಳಿದರು ಎಂಬುದರ ಅಂತರ. ಬಹುಪಾಲು ಎನ್ನಲಾರೆ. ಗಣಿತಕ್ಕೆ ಇದು ಹೆಚ್ಚು, ಭಾಷೆಗೆ ಕಡಿಮೆ ಅನ್ವಯಿಸಬಹುದು, ಭಾಷೆ ಮನೆಯಲ್ಲೂ ಬೆಳೆಯುತ್ತದಲ್ಲ. ತಜ್ಞ ಅತಿಥಿ ಶಿಕ್ಷಕರು ಜೂನ್‌ನಲ್ಲೇ ಸಿಕ್ಕ ಊರಿಗೆ ಇದು ಅಷ್ಟಾಗಿ ಒಪ್ಪದು. ಇವೆಲ್ಲಕ್ಕಿಂತ ತೊಡಕಿನದು ಇನ್ನೊಂದಿದೆ. ಬಸ್ಸು ನಿಲ್ಲದ ಊರಿನಿಂದಲೇ ಶಿಕ್ಷಕರು ಬೇಗ ಹೊರಡುತ್ತಾರೆ; ಗುಳೆ ಹೋಗುವ ಕುಟುಂಬಗಳೂ ಅಂಥ ಊರುಗಳಲ್ಲೇ ಹೆಚ್ಚು. 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಹೆಸರಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಅಲ್ಲಿನ ದೇವದುರ್ಗದಂಥ ತಾಲ್ಲೂಕಿನಲ್ಲಿ ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಖಾಲಿಯಾಗುವ ಬೆಂಚಿಗೂ ಖಾಲಿ ಬಿದ್ದ ಹುದ್ದೆಗೂ ಬೇರು ಒಂದೇ ಇರಬಹುದು. ಹಾಗಿದ್ದಲ್ಲಿ ಶಿಕ್ಷಕರ ಗೈರಿಗೆ ನಾನು ಹೊರಿಸುತ್ತಿರುವ ಭಾರದ ಒಂದಂಶ ಊರಿನ ಬಡತನಕ್ಕೆ ಸೇರಬೇಕು. ಒಂದೇ ಊರಿನ ಒಂದೇ ಶಾಲೆಯನ್ನು ಹುದ್ದೆ ತುಂಬಿದ ವರ್ಷ, ಖಾಲಿಯಿದ್ದ ವರ್ಷ ಎಂದು ತನ್ನೊಡನೆಯೇ ಹೋಲಿಸಿದರೆ ಈ ತೊಡಕು ಬಹುಮಟ್ಟಿಗೆ ಸಡಿಲುತ್ತದೆ. ಬರಗಾಲದ ವರ್ಷವೂ ಹುದ್ದೆ ಖಾಲಿಯಾದ ವರ್ಷವೂ ಒಂದೇ ಆದಲ್ಲಿ ಮಾತ್ರ ಅದು ಉಳಿದುಕೊಳ್ಳುತ್ತದೆ.

ಕೇನ್ ಮತ್ತು ಸ್ಟೈಗರ್ ಇದನ್ನು ಕಾಣಲಿಲ್ಲ ಎಂದು ಹೇಳುವುದು ತಪ್ಪಾಗುತ್ತದೆ. ಉಳಿಯದ ಏರಿಳಿತದಲ್ಲಿ ಮಕ್ಕಳ ಆಯ್ಕೆಯಿಂದ ಬಂದದ್ದನ್ನು, ಪರೀಕ್ಷೆಯ ದಿನ ಹೊರಗೆ ನಾಯಿ ಬೊಗಳಿದಂಥ ಇತರ ಕಾರಣಗಳಿಂದ ಬಂದದ್ದನ್ನು ಅವರು ಬೇರ್ಪಡಿಸಿಯೇ ಇದ್ದಾರೆ. ಆ ಎರಡನೆಯ ಗುಂಪನ್ನೂ ಜರಡಿಯಲ್ಲಿ ಸೋಸಿ ಬಿಡಬೇಕಾದ್ದೆಂದು ಬಗೆದದ್ದಕ್ಕಷ್ಟೇ ನನ್ನ ಆಕ್ಷೇಪ. 68 ಮಕ್ಕಳ ತರಗತಿಯಲ್ಲಿ ಅದು ನಡೆದೀತು.

ಒಂದು ಪ್ರಶ್ನೆ ಹಾಗೇ ಉಳಿದಿದೆ. ಆರನೆಯ ತರಗತಿಯಲ್ಲಿ ಭಿನ್ನರಾಶಿಯ ಪಾಠ ತಪ್ಪಿಸಿಕೊಂಡ ಮಕ್ಕಳು, ಏಳರಲ್ಲಿ ಮೇಷ್ಟ್ರು ಬಂದ ಮೇಲೆ ಆ ಕೊರತೆಯನ್ನು ತುಂಬಿಕೊಳ್ಳುತ್ತಾರೋ, ಅಥವಾ ಅದನ್ನು ಹೊತ್ತೇ ಹೈಸ್ಕೂಲಿಗೆ ಹೋಗುತ್ತಾರೋ? ತುಂಬಿಕೊಳ್ಳುವುದಿಲ್ಲವಾದರೆ ಶಿಕ್ಷಕರ ಗೈರಿನ ಇಳಿತವೂ ಮಕ್ಕಳೊಡನೆ ಮೇಲಕ್ಕೆ ಸಾಗುತ್ತದೆ. ಆಗ ಮೇಲೆ ಸೂಚಿಸಿದ ಒರೆಗಲ್ಲನ್ನು ಎರಡನೆಯ ವರ್ಷಕ್ಕೆ ತಿದ್ದಿಕೊಳ್ಳಬೇಕಾಗುತ್ತದೆ.