ದವಡೆಯಿಂದ ಕಿವಿಗೆ ಬಂದ ಮೂಳೆಗಳು

ಮನುಷ್ಯನ ನಡುಗಿವಿಯಲ್ಲಿ ಮೂರು ಪುಟ್ಟ ಮೂಳೆಗಳಿವೆ. ಆಕಾರಕ್ಕೆ ತಕ್ಕಂತೆ ಸುತ್ತಿಗೆ, ಅಡಿಗಲ್ಲು ಮತ್ತು ರಿಕಾಪು ಎಂದು ಅವುಗಳ ಹೆಸರು. ಹಲ್ಲಿ, ಮೊಸಳೆಗಳ ಕಿವಿಯಲ್ಲಿ ಇರುವುದು ಒಂದೇ ಮೂಳೆ. ಹಾಗಾದರೆ ಉಳಿದೆರಡು ಸಸ್ತನಿಗಳಿಗೆ ಎಲ್ಲಿಂದ ಬಂದವು? ಈ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳಿಗೆ ಸಸ್ತನಿಗಳ ವಂಶಾವಳಿಯ ಎಳೆಯೇ ಕೈಗೆ ಸಿಕ್ಕಿತು.

ಮೊದಲ ಸುಳಿವು ದೊರೆತದ್ದು ಪಳೆಯುಳಿಕೆಯಲ್ಲಲ್ಲ, ಹಂದಿಯ ಭ್ರೂಣದಲ್ಲಿ. ಸರೀಸೃಪಗಳಲ್ಲಿ ಎರಡು ದವಡೆಗಳ ನಡುವೆ ಕೀಲಾಗಿ ನಿಲ್ಲುವ ಮೂಳೆಗಳೇ ಸಸ್ತನಿಗಳಲ್ಲಿ ಸುತ್ತಿಗೆ ಮತ್ತು ಅಡಿಗಲ್ಲುಗಳಾಗಿವೆ ಎಂದು ಜರ್ಮನಿಯ ಅಂಗರಚನಾ ತಜ್ಞ ಕಾರ್ಲ್ ರೈಖರ್ಟ್ 1837ರಲ್ಲಿ ತೋರಿಸಿದರು. ಆದರೆ ಒಂದು ತೊಡಕಿತ್ತು. ದವಡೆಯ ಕೀಲನ್ನೇ ಕಳಚಿ ಕಿವಿಗೆ ಸಾಗಿಸಿದರೆ ಆ ಪ್ರಾಣಿ ಮೇಯುವುದಾದರೂ ಹೇಗೆ?

ಇದಕ್ಕೆ ಉತ್ತರ ಬಂಡೆಗಳಲ್ಲಿ ಅಡಗಿತ್ತು. ದಕ್ಷಿಣ ಆಫ್ರಿಕಾದಲ್ಲಿ ರಸ್ತೆ ನಿರ್ಮಿಸುತ್ತಿದ್ದ ಆ್ಯಂಡ್ರ್ಯೂ ಗೆಡ್ಡೆಸ್ ಬೇನ್ 1838ರಲ್ಲಿ ಎರಡು ಕೋರೆಹಲ್ಲುಗಳ ವಿಚಿತ್ರ ತಲೆಬುರುಡೆಯೊಂದನ್ನು ಕಂಡರು. ಲಂಡನ್ನಿನ ರಿಚರ್ಡ್ ಓವೆನ್ 1845ರಲ್ಲಿ ಈ ಬಗೆಯ ಪ್ರಾಣಿಗೆ ‘ಡೈಸಿನೊಡಾನ್’ ಎಂದು ಹೆಸರಿಟ್ಟರು. ಮುಂದೆ ಸ್ಕಾಟ್ಲೆಂಡ್ ಮೂಲದ ವೈದ್ಯ ರಾಬರ್ಟ್ ಬ್ರೂಮ್ ಮುಂತಾದವರು ಅಲ್ಲಿನ ಕರೂ ಪ್ರದೇಶದಲ್ಲಿ ಇಂಥ ಹಲವಾರು ಪಳೆಯುಳಿಕೆಗಳನ್ನು ಪತ್ತೆಮಾಡಿದರು. ಇವಕ್ಕೆ ‘ಸಸ್ತನಿಯಂಥ ಸರೀಸೃಪಗಳು’ ಎಂಬ ಹೆಸರು ಬಂತು.

ಕಾಲಕ್ರಮದಲ್ಲಿ ಜೋಡಿಸಿಟ್ಟಾಗ ಈ ಬುರುಡೆಗಳು ಒಂದು ಕಥೆ ಹೇಳುತ್ತವೆ. ಕೆಳದವಡೆಯಲ್ಲಿ ಹಲ್ಲು ಹೊತ್ತ ಮೂಳೆ ಹಿಗ್ಗುತ್ತ ಹೋದರೆ, ಹಿಂಬದಿಯ ಮೂಳೆಗಳು ಕುಗ್ಗುತ್ತ ಹೋಗುತ್ತವೆ. ಕೊನೆಗೆ ಹಲ್ಲಿನ ಮೂಳೆ ತಲೆಬುರುಡೆಯನ್ನು ನೇರವಾಗಿ ಮುಟ್ಟಿ ಹೊಸ ಕೀಲು ಏರ್ಪಡುತ್ತದೆ. ಸುಮಾರು 20 ಕೋಟಿ ವರ್ಷ ಹಿಂದೆ ಬದುಕಿದ್ದ, ಇಲಿಯಷ್ಟು ಪುಟ್ಟ ಮಾರ್ಗನುಕೊಡಾನ್‌ನಲ್ಲಿ ಹಳೆಯದು, ಹೊಸದು ಎರಡೂ ಕೀಲುಗಳು ಅಕ್ಕಪಕ್ಕದಲ್ಲೇ ಇದ್ದವು. ಹೊಸ ಕೀಲು ಭಾರ ಹೊತ್ತ ಮೇಲೆ ಹಳೆಯದು ಬಿಡುವು ಪಡೆದು ಕಿವಿಯ ಕೆಲಸಕ್ಕೆ ಹೋಯಿತು. ಪ್ರಾಣಿ ಒಂದು ದಿನವೂ ಉಪವಾಸ ಬೀಳಬೇಕಾಗಲಿಲ್ಲ!

ನಂಟು ಗುರುತಿಸುವ ಇನ್ನೊಂದು ಲಕ್ಷಣ ಕಣ್ಣಿನ ಗುಳಿಯ ಹಿಂದಿನ ರಂಧ್ರ. ಈ ವಂಶದಲ್ಲಿ ಪ್ರತಿ ಬದಿಗೂ ಒಂದೇ ರಂಧ್ರ. ಹಲ್ಲಿ, ಮೊಸಳೆಗಳ ಪೂರ್ವಜರಲ್ಲಿ ಎರಡು. ಬೆನ್ನ ಮೇಲೆ ಹಾಯಿಯಂಥ ರಚನೆ ಹೊತ್ತ ಡೈಮೆಟ್ರೊಡಾನ್ ನೋಡಲು ಡೈನೊಸಾರಿನಂತಿದ್ದರೂ ಅದರ ಬುರುಡೆಯಲ್ಲಿರುವುದು ಒಂದೇ ರಂಧ್ರ. ಅಂದರೆ ಅದು ಹಲ್ಲಿಗಿಂತ ಆನೆಗೆ ಹತ್ತಿರದ ಬಂಧು.

ಹೊರನೋಟದ ಹೋಲಿಕೆಯನ್ನು ನಂಬಬಾರದು; ಹೊಸದಾಗಿ ಮೂಡಿ, ವಂಶದಲ್ಲಿ ಹಂಚಿಕೊಂಡು ಬಂದ ಲಕ್ಷಣಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಜರ್ಮನಿಯ ಕೀಟತಜ್ಞ ವಿಲಿ ಹೆನ್ನಿಗ್ 1950ರಲ್ಲಿ ಮಂಡಿಸಿದರು. ಈ ನಿಯಮವನ್ನು ಅನ್ವಯಿಸಿದಾಗ ‘ಸಸ್ತನಿಯಂಥ ಸರೀಸೃಪ’ ಎಂಬ ಹೆಸರೇ ತಪ್ಪೆಂದು ತಿಳಿಯಿತು. ಸಸ್ತನಿಗಳ ವಂಶ ಮತ್ತು ಸರೀಸೃಪಗಳ ವಂಶ ಒಂದೇ ಬುಡದಿಂದ 30 ಕೋಟಿ ವರ್ಷಗಳಿಗೂ ಹಿಂದೆ ಕವಲೊಡೆದವು. ಒಂದು ಇನ್ನೊಂದರಿಂದ ಹುಟ್ಟಿದ್ದಲ್ಲ.

ಆದರೂ ಒಂದೇ ಲಕ್ಷಣಕ್ಕೆ ಜೋತುಬೀಳುವಂತಿಲ್ಲ. ಬ್ರೆಜಿಲ್‌ನ ಪಳೆಯುಳಿಕೆಗಳನ್ನು ಸ್ಕ್ಯಾನ್ ಮಾಡಿದ ವಿಜ್ಞಾನಿಗಳು 2024ರಲ್ಲಿ ಇದನ್ನು ಮತ್ತೆ ನೆನಪಿಸಿದರು. ಸಸ್ತನಿಗಳಿಗೆ ತೀರಾ ಹತ್ತಿರದ ಬ್ರೆಸಿಲೊಡಾನ್‌ನಲ್ಲಿ ಹೊಸ ಕೀಲು ಇರಲಿಲ್ಲ. ದೂರದ ಬಂಧು ರಿಯೊಗ್ರಾಂಡಿಯಾದಲ್ಲಿ ಇತ್ತು! ಎಂದರೆ ಸಸ್ತನಿಯ ಗುರುತೆಂದು ಬಹುಕಾಲ ನಂಬಿದ್ದ ಈ ಕೀಲು ಒಂದಕ್ಕಿಂತ ಹೆಚ್ಚು ಬಾರಿ ಬೇರೆ ಬೇರೆಯಾಗಿ ಮೂಡಿದೆ. ಹಾಗಾಗಿಯೇ ತಜ್ಞರು ಹಲ್ಲು, ದವಡೆ, ಬುರುಡೆ, ಕೈಕಾಲು ಎಲ್ಲದರ ಸಾಕ್ಷ್ಯವನ್ನೂ ಒಟ್ಟಿಗೆ ತೂಗಿ ನೋಡಿದ ಮೇಲಷ್ಟೇ ಬಂಧುತ್ವವನ್ನು ನಿರ್ಧರಿಸುತ್ತಾರೆ.