ಬಟ್ಟೆ ಓಡಬೇಕೇ, ಸೂಜಿ ಓಡಬೇಕೇ?

ಅಮೆರಿಕದಲ್ಲಿ ಕೌದಿ ಹೊಲಿಯುವ ದೊಡ್ಡ ಮಷಿನ್ ಕೊಳ್ಳಲು ಹೊರಟವರ ಮುಂದೆ ಇವತ್ತು ಎರಡು ಬಗೆಗಳಿವೆ. ಒಂದು ‘ಲಾಂಗ್‌ಆರ್ಮ್’. ಇದರಲ್ಲಿ 10-12 ಅಡಿ ಉದ್ದದ ಚೌಕಟ್ಟಿಗೆ ಕೌದಿಯನ್ನು ಬಿಗಿದು, ಹಳಿಗಳ ಮೇಲೆ ಗಾಲಿಯಲ್ಲಿ ನಿಂತ ಮಷಿನ್ನನ್ನು ಹಿಡಿಕೆ ಹಿಡಿದು ಓಡಿಸುತ್ತಾರೆ. ಇನ್ನೊಂದು ಮೇಜಿನಲ್ಲಿ ಕೂರಿಸಿದ ಮಷಿನ್. ಅದು ಕದಲುವುದಿಲ್ಲ. ಹೊಲಿಯುವವರು ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ಬಟ್ಟೆಯ ಮೇಲೆ ಚಾಚಿ, ಕೌದಿಯನ್ನೇ ಸೂಜಿಯ ಕೆಳಗೆ ಅತ್ತಿತ್ತ ತಿರುಗಿಸುತ್ತಾರೆ. ಇದು ಕೇವಲ ಬೆಲೆ, ಜಾಗಗಳ ಲೆಕ್ಕಾಚಾರದಂತೆ ಕಾಣಬಹುದು. ಆದರೆ ಬಟ್ಟೆ ಓಡಬೇಕೋ ಸೂಜಿ ಓಡಬೇಕೋ ಎಂಬ ಈ ಪ್ರಶ್ನೆಗೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹಳ್ಳಿಮನೆಗಳಲ್ಲಿ ಕೌದಿಯ ಚೌಕಟ್ಟು ಎಂದರೆ ನಾಲ್ಕು ಮರದ ಪಟ್ಟಿಗಳು. ಮೂಲೆಗಳನ್ನು ಬಿಗಿದು ಕುರ್ಚಿಗಳ ಬೆನ್ನಿನ ಮೇಲೆ ಇಡುತ್ತಿದ್ದರು. ಮನೆ ಚಿಕ್ಕದಾದರೆ ಸೂರಿನಿಂದ ಹಗ್ಗದಲ್ಲಿ ಇಳಿಬಿಟ್ಟು, ಕೆಲಸ ಮುಗಿದ ಮೇಲೆ ಮೇಲಕ್ಕೆಳೆದು ಕಟ್ಟುತ್ತಿದ್ದರು. ಕೆಳಗೆ ಊಟ, ನಿದ್ದೆ ಎಂದಿನಂತೆ ನಡೆಯುತ್ತಿತ್ತು. ಮೇಲೆ ತುಂಡುಗಳನ್ನು ಜೋಡಿಸಿದ ಬಟ್ಟೆ, ನಡುವೆ ಹತ್ತಿ, ಕೆಳಗೆ ಅಸ್ತರು. ಈ ಮೂರು ಪದರ ಬಿಗಿಯಾಗಿ ನಿಂತಿರುತ್ತಿತ್ತು. ಸುತ್ತ ಕೂತ ನೆರೆಹೊರೆಯ ಹೆಂಗಸರು ತಮ್ಮ ಕೈಗೆಟುಕುವಷ್ಟನ್ನು ಹೊಲಿಯುತ್ತಿದ್ದರು. ಅಲ್ಲಿ ಓಡುತ್ತಿದ್ದುದು ಸೂಜಿ. ಕೂಲಿಗೆ ಹೊಲಿದುಕೊಡುವವರೂ ಇದ್ದರು. ಖರ್ಚಾದ ದಾರದ ಅಳತೆಯ ಮೇಲೆ ಹಣ ಪಡೆಯುವ ರೂಢಿಯಿತ್ತು.

1846ರಲ್ಲಿ ಎಲಿಯಾಸ್ ಹೋವ್ ಲಾಕ್‌ಸ್ಟಿಚ್ ಮಷಿನ್ನಿಗೆ ಪೇಟೆಂಟ್ ಪಡೆದರು. 1851ರಲ್ಲಿ ಐಸಾಕ್ ಸಿಂಗರ್ ತಮ್ಮ ಮಷಿನ್ನಿಗೆ ಪಡೆದರು. 1850ರ ದಶಕದ ನಡುವೆ ಸಿಂಗರ್ ಕಂಪನಿ ಕಂತಿನ ಮೇಲೆ ಮಾರತೊಡಗಿದ ಮೇಲೆ ಹೊಲಿಗೆ ಮಷಿನ್ ಸಾಮಾನ್ಯರ ಮನೆಗಳಿಗೂ ಬಂತು. ಅದರೊಂದಿಗೆ ಕೆಲಸದ ರೀತಿಯೇ ತಿರುಗಿತು. ಸೂಜಿ ನಿಂತಲ್ಲೇ ಕುಣಿಯತೊಡಗಿತು, ಬಟ್ಟೆ ಅದರ ಬಳಿಗೆ ಬರಬೇಕಾಯಿತು. ಅಂಗಿ, ಲಂಗಗಳಿಗೆ ಇದು ವರವಾಯಿತು. ಕೌದಿಗೆ ಮಾತ್ರ ತೊಡಕಾಯಿತು.

ತೊಡಕು ಎಂಥದೆಂದು ಹತ್ತಿರದಿಂದ ನೋಡಬೇಕು. ಇಬ್ಬರು ಮಲಗುವ ಹಾಸಿಗೆಯ ಕೌದಿ ಸುಮಾರು 90 ಇಂಚು ಅಗಲ, 100 ಇಂಚು ಉದ್ದ. ಮನೆಬಳಕೆಯ ಮಷಿನ್ನಿನಲ್ಲಿ ಸೂಜಿಯಿಂದ ಕಂಬದವರೆಗೆ ಸಿಗುವ ಜಾಗ ಏಳೆಂಟು ಇಂಚು. ಕೌದಿಯ ನಡುಭಾಗ ಹೊಲಿಯಬೇಕಾದರೆ ಅರ್ಧ ಕೌದಿಯನ್ನು ಸುರುಳಿ ಸುತ್ತಿ ಆ ಸಂದಿಯೊಳಗೆ ತುರುಕಬೇಕು. ಉಳಿದರ್ಧವನ್ನು ಹೆಗಲ ಮೇಲೆ ಹೊತ್ತುಕೊಳ್ಳಬೇಕು. ಮಷಿನ್ನಿನ ಹಲ್ಲುಗಳು ಕೆಳಗಿನ ಪದರವನ್ನು ಮುಂದಕ್ಕೆ ದೂಡಿದರೆ ಮೇಲಿನದು ಹಿಂದೆ ಉಳಿಯುತ್ತದೆ. ಮೊದಲೇ ಕಚ್ಚಾ ಹಾಕಿಯೋ ಪಿನ್ನು ಚುಚ್ಚಿಯೋ ಹಿಡಿದಿಡದಿದ್ದರೆ ಅಸ್ತರಿನಲ್ಲಿ ನೆರಿಗೆ ಬೀಳುತ್ತದೆ. ಬಿಚ್ಚಿ ಮತ್ತೆ ಹೊಲಿಯುವುದು ಬಿಟ್ಟು ಬೇರೆ ದಾರಿಯಿಲ್ಲ. ಹೀಗಾಗಿ ತುಂಡು ಜೋಡಿಸುವುದಕ್ಕೆ ಮಷಿನ್, ಪದರ ಕೂಡಿಸುವುದಕ್ಕೆ ಕೈ ಎಂಬ ವಿಂಗಡಣೆ ಬಹಳ ಕಾಲ ನಡೆಯಿತು. ಅಮಿಶ್ ಸಮುದಾಯದ ಮಹಿಳೆಯರು ಕಾಲಿನಿಂದ ತುಳಿಯುವ ಮಷಿನ್ನಿನಲ್ಲಿ ತುಂಡು ಜೋಡಿಸಿ, ಚೌಕಟ್ಟಿನಲ್ಲಿ ಕೈಯಿಂದಲೇ ಕೌದಿ ಮುಗಿಸುವ ಕ್ರಮವನ್ನು ಉಳಿಸಿಕೊಂಡರು.

ಚೌಕಟ್ಟಿನ ಮೇಲೆ ಮಷಿನ್ನನ್ನೇ ಓಡಿಸಿದರೇನು ಎಂಬ ಯೋಚನೆ 1870ರ ದಶಕದಲ್ಲೇ ಮೂಡಿತ್ತು. ಆದರೆ ಅದು ಮನೆಯ ಕೆಲಸಕ್ಕೆ ಒದಗಿ ಬರಲು ಇನ್ನೂ ನೂರು ವರ್ಷ ಹಿಡಿಯಿತು.

ಆ ನಡುವಿನ ಕಾಲದಲ್ಲಿ ಕೂತು ಹೊಲಿಯುವ ದಾರಿಯನ್ನು ಸುಧಾರಿಸಿದವರಲ್ಲಿ ನೆಬ್ರಾಸ್ಕಾದ ರೈತ ಅರ್ನೆಸ್ಟ್ ಹೈಟ್ ಒಬ್ಬರು. ಓದಿದ್ದು ಕೃಷಿ ಎಂಜಿನಿಯರಿಂಗ್. ಹೆಂಡತಿ ಜೋಡಿಸಿದ ತುಂಡುಗಳ ಮೂಲೆ ಸರಿಯಾಗಿ ಕೂಡಿಲ್ಲವೆಂದು ಆಡಿ ತೋರಿಸಿದ್ದಕ್ಕೆ, ‘ಹಾಗಾದರೆ ನೀವೇ ಮಾಡಿ ನೋಡಿ’ ಎಂಬ ಸವಾಲು ಬಂತಂತೆ. ಅವರು ಮಾಡಿಯೇ ತೋರಿಸಿದರು. ಕೈಯಿಂದ ಹೊಲಿದು ಮುಗಿಸುವ ವೇಗಕ್ಕಿಂತ ಬೇಗ ಕೌದಿಯ ಮೇಲ್ಪದರಗಳು ಸಿದ್ಧವಾಗತೊಡಗಿದಾಗ ಮನೆಯ ಸಾಧಾರಣ ಮಷಿನ್ನಿಗೆ ಮೊರೆಹೋದರು. ಅಂಚಿನಿಂದ ಅಂಚಿಗೆ ಓರೆಯಾಗಿ, ದಾರ ಕತ್ತರಿಸದೆ ಒಂದೇ ಗೆರೆಯಲ್ಲಿ ಸಾಗುವ ವಿಧಾನ ಅವರದು. ಬಟ್ಟೆಯನ್ನು ಸುತ್ತಿ ತಿರುಗಿಸುವ ಶ್ರಮ ಇದರಿಂದ ಬಹಳ ಕಡಿಮೆಯಾಯಿತು. 1974ರಲ್ಲಿ ಗೃಹಿಣಿಯರಿಗಾಗಿ ಈ ವಿಧಾನವನ್ನು ವಿವರಿಸುವ ಕಿರುಪುಸ್ತಕವನ್ನೂ ತಂದರು.

ಆದರೂ ಮಷಿನ್ ಕೌದಿಗೆ ಕಲೆಯ ಪಂಕ್ತಿಯಲ್ಲಿ ಜಾಗ ಸಿಗಲು 1989 ಬರಬೇಕಾಯಿತು. ಕೆಂಟಕಿಯ ಪದುಕಾ ಊರಿನಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ನಡೆಸುವ ಪ್ರದರ್ಶನದಲ್ಲಿ ಆ ವರ್ಷ ಕ್ಯಾರಲ್ ಬ್ರೈಯರ್ ಫ್ಯಾಲರ್ಟ್ ಅವರ ‘ಕೊರೋನಾ 2: ಸೋಲಾರ್ ಎಕ್ಲಿಪ್ಸ್’ ಅತ್ಯುನ್ನತ ಬಹುಮಾನ ಗೆದ್ದಿತು. ಅಲ್ಲಿ ಆ ಗೌರವ ಪಡೆದ ಮೊದಲ ಮಷಿನ್ ಹೊಲಿಗೆಯ ಕೌದಿ ಅದು. ಕೈಹೊಲಿಗೆಯವರಲ್ಲಿ ಹಲವರು ಸಿಟ್ಟಾದರು, ವಾದ ಬೆಳೆಯಿತು. ಗ್ರಹಣದ ಸೂರ್ಯನಿಂದ ಹೊರಚಿಮ್ಮುವ ಜ್ವಾಲೆಗಳನ್ನು ದಾರದಲ್ಲಿ ಬರೆದ ಆ ಕೆಲಸದ ಮುಂದೆ, ಮಷಿನ್ ಎಂದರೆ ಅವಸರದ ಕೆಲಸ ಎಂಬ ಮಾತು ನಿಲ್ಲಲಿಲ್ಲ. ಅದು ಬಟ್ಟೆಯನ್ನು ಕೈಯಿಂದ ಓಡಿಸಿ ಪಡೆದ ಗೆಲುವು.

ಅದೇ ದಶಕದಲ್ಲಿ ಚೌಕಟ್ಟು ಕೂಡ ಮರಳಿ ಬಂತು. ಮಿಸೌರಿಯ ವೆಸ್ಟ್ ಪ್ಲೇನ್ಸ್‌ನಲ್ಲಿ ಗ್ಯಾಮಿಲ್, ಅಯೋವಾದ ಕ್ಯಾರಲ್‌ನಲ್ಲಿ ಎಪಿಕ್ಯೂಎಸ್ ಕಂಪನಿಗಳು 1980ರ ದಶಕದ ಆರಂಭದಲ್ಲಿ ಲಾಂಗ್‌ಆರ್ಮ್ ಮಷಿನ್ ತಯಾರಿಸತೊಡಗಿದವು. ಮೂರು ಪದರಗಳನ್ನು ಬೇರೆ ಬೇರೆಯಾಗಿ ಹಾಕಿ ಉರುಳೆಗಳಿಂದ ಬಿಗಿಯುವುದರಿಂದ ಇಲ್ಲಿ ಕಚ್ಚಾ ಹಾಕುವ ಕೆಲಸವೇ ಇಲ್ಲ. ಒಂದು ಪಟ್ಟಿ ಮುಗಿದರೆ ಉರುಳೆ ತಿರುಗಿಸಿ ಮುಂದಿನದಕ್ಕೆ ಹೋದರಾಯಿತು. ಸಣ್ಣ ಊರುಗಳ ಎಷ್ಟೋ ಮಹಿಳೆಯರು ಗ್ಯಾರೇಜಿನಲ್ಲೋ ನೆಲಮಾಳಿಗೆಯಲ್ಲೋ ಒಂದು ಲಾಂಗ್‌ಆರ್ಮ್ ಹಾಕಿಕೊಂಡು ಸ್ವಂತ ಕಸುಬು ಆರಂಭಿಸಿದರು. ಹಿಂದೆ ದಾರದ ಅಳತೆಯಲ್ಲಿದ್ದ ಕೂಲಿ ಈಗ ಚದರ ಇಂಚಿನ ಲೆಕ್ಕಕ್ಕೆ ಬಂತು. ಪ್ರತಿ ಇಂಚಿಗೆ 2 ಸೆಂಟ್ ಎಂದರೂ 90x100ರ ಕೌದಿಗೆ 180 ಡಾಲರ್.

ಮುಂದೆ ಬಂದದ್ದು ಹೊಲಿಗೆಯ ಉದ್ದವನ್ನು ಕಾಯುವ ಸಾಧನ. ಮಷಿನ್ನನ್ನು ಬೇಗ ಓಡಿಸಿದರೆ ಹೊಲಿಗೆ ಉದ್ದವಾಗುತ್ತದೆ, ನಿಧಾನಿಸಿದರೆ ಒತ್ತೊತ್ತಾಗುತ್ತದೆ. ಗಾಲಿಗಳ ಚಲನೆಯನ್ನು ಅಳೆದು ಸೂಜಿಯ ವೇಗವನ್ನು ಅದಕ್ಕೆ ಹೊಂದಿಸುವ ಸಂವೇದಕ ಈ ಏರುಪೇರನ್ನು ತಪ್ಪಿಸಿತು. ಕೂತು ಹೊಲಿಯುವ ಮಷಿನ್ನಿಗೆ ಗಾಲಿಯಿಲ್ಲವಲ್ಲ! ಅದಕ್ಕೆ ಬಟ್ಟೆಯ ಚಲನೆಯನ್ನೇ ಗಮನಿಸುವ ಬೆಳಕಿನ ಸಂವೇದಕ ಬೇಕಾಯಿತು. ಬರ್ನಿನಾ ಕಂಪನಿಯ ಸಾಧನ ಇಂಥದು.

ಲಾಂಗ್‌ಆರ್ಮ್‌ನ ಉದ್ದ ತೋಳನ್ನೇ ಮೇಜಿಗೆ ಇಳಿಸಿದಾಗ ಇಂದಿನ ಕೂತು ಹೊಲಿಯುವ ದೊಡ್ಡ ಮಷಿನ್ ಹುಟ್ಟಿತು. ಏಳೆಂಟು ಇಂಚಿನ ಸಂದಿ 16 ಇಂಚು, ಅದಕ್ಕೂ ಹೆಚ್ಚಾಯಿತು. ಇಡೀ ಕೋಣೆಯನ್ನು ಚೌಕಟ್ಟಿಗೆ ಬಿಟ್ಟುಕೊಡಲಾಗದವರಿಗೂ, ಗಂಟೆಗಟ್ಟಲೆ ನಿಂತರೆ ಮಂಡಿ ನೋಯುವವರಿಗೂ ಇದು ಹಿತ. ಚಿತ್ರ ಬಿಡಿಸುವ ಹಾಗೆ ಒಂದೇ ಹೂವಿನ ಸುತ್ತ ಸುಳಿಯುವವರಿಗೂ ಇದೇ ಇಷ್ಟ. ಪದರಗಳನ್ನು ಮೊದಲೇ ಕೂಡಿಸುವ ಕೆಲಸ ಮಾತ್ರ ತಪ್ಪುವುದಿಲ್ಲ, ಭಾರ ಹೆಗಲಿಗೂ ತೋಳಿಗೂ ಬೀಳುತ್ತದೆ. ವಾರಕ್ಕೆ ಹಲವು ಕೌದಿ ಮುಗಿಸಿಕೊಡಬೇಕಾದ ಕಸುಬಿನವರು ಚೌಕಟ್ಟಿನ ಕಡೆಗೇ ವಾಲುತ್ತಾರೆ.

ಈ ಎರಡೂ ದಾರಿ ಹಿಡಿಯದ ಪರಂಪರೆ ಕರ್ನಾಟಕದಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರು ಚೌಕಟ್ಟೂ ಇಲ್ಲದೆ, ಮಷಿನ್ನೂ ಇಲ್ಲದೆ, ಹಳೆಯ ಸೀರೆಯ ಮೇಲೆ ತುಂಡುಗಳನ್ನಿಟ್ಟು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ‘ಫೂಲ’ ಎಂಬ ಮಡಿಚಿದ ತ್ರಿಕೋನದ ತುಂಡು ಹಚ್ಚಿದ ಮೇಲೇ ಕೌದಿ ಪೂರ್ತಿಯಾಗುವುದು. ಅಂಚಿನಿಂದ ಒಳಮುಖವಾಗಿ ಒತ್ತಾಗಿ ಸಾಗುವ ಈ ಕೈಹೊಲಿಗೆಯೇ ಪದರಗಳನ್ನು ಹಿಡಿದಿಡುತ್ತದೆ.

ಪದುಕಾ ಪ್ರದರ್ಶನದಲ್ಲಿ ಈಗ ಕುಶಲತೆಯ ಬಹುಮಾನಗಳೇ ಬೇರೆ ಬೇರೆ: ಕೈಹೊಲಿಗೆಗೆ ಒಂದು, ನಿಂತಲ್ಲೇ ಇರುವ ಮಷಿನ್ನಿಗೆ ಒಂದು, ಓಡಾಡುವ ಮಷಿನ್ನಿಗೆ ಇನ್ನೊಂದು. ಹ್ಯೂಸ್ಟನ್‌ನ ದೊಡ್ಡ ಪ್ರದರ್ಶನದಲ್ಲೂ ಚೌಕಟ್ಟಿನ ಮಷಿನ್, ಕದಲದ ಮಷಿನ್ ಎಂಬ ಎರಡು ಪ್ರಶಸ್ತಿಗಳಿವೆ. ಮಷಿನ್ ಸಲ್ಲುತ್ತದೆಯೇ ಎಂಬ 1989ರ ಜಗಳದ ಜಾಗದಲ್ಲಿ ಈಗ ಮೂರು ಕುಶಲತೆಗಳಿಗೂ ಒಂದೊಂದು ಪೀಠವಿದೆ. ಹೊಲಿಗೆಗಳು ಒಂದೇ ಸಮ ಇವೆಯೇ, ಬಾಬಿನ್ ದಾರ ಮೇಲಕ್ಕೆ ಇಣುಕಿದೆಯೇ, ಹಿಂಬದಿಯಲ್ಲಿ ನೆರಿಗೆ ಬಿದ್ದಿದೆಯೇ ಎಂದು ತೀರ್ಪುಗಾರರು ಎರಡೂ ಬಗೆಯ ಮಷಿನ್ ಕೌದಿಗಳನ್ನು ಒಂದೇ ಕಣ್ಣಿನಿಂದ ಪರೀಕ್ಷಿಸುತ್ತಾರೆ.